ಅತ್ತೆ ಮನೆಯ ಚಹಾ

ನಾನೂ ರೌಶನ್ ಚಿಕ್ಕಮ್ಮನೂ ಚಹಾದ ಬಟ್ಟಲು ಒರೆಸಿದೆವು. ಅಲ್ಮಾಟಿ ನಗರದ ಸಂತೆಬೀದಿಯ ಈ ಹಳೇ ಫ್ಲ್ಯಾಟು ತೀರಿಹೋದ ಅವಳ ಅತ್ತೆಯದು. ಇದು ಮಾರಾಟವಾದರೆ ವಿಧವೆ ಚಿಕ್ಕಮ್ಮ ಮರುಮದುವೆಯಾಗಿ ಹೊರಡುವವಳು.

ಕೊಳ್ಳಲು ಬಂದ ಎರ್ಬೊಲಾತ್‌ಗೆ ನಾನು ಅರ್ಧ ಬಟ್ಟಲು ಚಹಾ ಹುಯ್ದೆ. ನಮ್ಮಲ್ಲಿ ಅರ್ಧ ಕೊಟ್ಟರೆ ‘ಇನ್ನೂ ಇರಿ’ ಎಂದು, ತುಂಬಿಸಿ ಕೊಟ್ಟರೆ ‘ಕುಡಿದು ಹೊರಡಿ’ ಎಂದರ್ಥ.

“ಕೆಳಗಿಳಿದರೆ ರೊಟ್ಟಿ ಅಂಗಡಿ, ಪಕ್ಕದಲ್ಲೇ ನಾಟಕಶಾಲೆ,” ಎಂದು ಚಿಕ್ಕಮ್ಮ ಕಿಟಕಿ ತೆರೆದಳು. ಅವರು ಇತ್ತ ತಿರುಗುವಷ್ಟರಲ್ಲಿ ಬಟ್ಟಲು ಅಂಚಿನವರೆಗೆ ತುಂಬಿತ್ತು. ಚಹಾ ಮಂಜಿನಂತೆ ಕೊರೆಯುತ್ತಿತ್ತು.

“ಏನಮ್ಮಾ, ಕೂರೋಕೆ ಮುಂಚೇನೇ ಓಡಿಸ್ತೀರಾ?”

“ಅಯ್ಯೋ ಅಣ್ಣಾ, ಈ ಹುಡುಗಿಗೆ ಕೈ ನಿಲ್ಲಲ್ಲ!” ಚಿಕ್ಕಮ್ಮ ತಾನೇ ಬೇರೆ ಬಟ್ಟಲಿಗೆ ಅರ್ಧ ಹುಯ್ದಳು. ನಾವು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ತುಂಬಿ ಚೆಲ್ಲಿತು.

ಎರ್ಬೊಲಾತ್ ಟೋಪಿ ಬಿಟ್ಟು ಓಡಿದರು.

ಚಿಕ್ಕಮ್ಮ ತನ್ನ ಬಟ್ಟಲಿಗೆ ಅರ್ಧ ಹುಯ್ದುಕೊಂಡು, ಅದನ್ನು ಅತ್ತೆ ಕೂರುತ್ತಿದ್ದ ಖಾಲಿ ಕುರ್ಚಿಯ ಮುಂದೆ ಸರಿಸಿದಳು. “ಅತ್ತೇ, ಓಡಿಸೋದಾದ್ರೆ ನನ್ನನ್ನ ಓಡಿಸಿ.”

ಅದು ಅರ್ಧವೇ ಉಳಿಯಿತು.