ಚೆನ್ನಾಜಿಯ ಕೈಗುಣ

ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಕುಂದಣಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆ ವೈದ್ಯ ರೇವಯ್ಯನಿಗೆ ಒಬ್ಬಳೇ ಮಗಳು, ಚೆನ್ನಾಜಿ. ಮದ್ದು ಅರೆಯುವುದರಲ್ಲಿ ಅವಳು ಅಪ್ಪನನ್ನೂ ಮೀರಿಸಿದವಳು. ಆದರೆ ಅರೆದ ಮದ್ದನ್ನು ರೋಗಿಯ ಬಾಯಿಗೆ ಹಾಕುತ್ತಿರಲಿಲ್ಲ, ಅದು ಅಪ್ಪನ ಕೆಲಸ. ತನ್ನ ಕೈಗುಣ ಕೆಟ್ಟದ್ದು, ತಾನು ಕೊಟ್ಟರೆ ಅಮೃತವೂ ವಿಷವಾಗುತ್ತದೆ ಎಂದು ಅವಳು ನಂಬಿದ್ದಳು.

ಹಾಗೆ ನಂಬಿಸಿದವನು ಬೂದಿಮುಖನೆಂಬ ಮಾಂತ್ರಿಕ. ಜನರ ನರಳಾಟವೇ ಅವನ ಊಟ. ಅವನು ಬೆಟ್ಟದ ತುದಿಯಿಂದ ಉಸಿರು ಊದಿದರೆ ಊರಿಗೆ ಜ್ವರ ಬರುತ್ತಿತ್ತು, ಜ್ವರ ಬಲಿತವರು ಮೃಗಗಳಾಗಿ ಕಾಡು ಸೇರುತ್ತಿದ್ದರು. ಚೆನ್ನಾಜಿ ಚಿಕ್ಕವಳಿದ್ದಾಗ ಹಾಸಿಗೆ ಹಿಡಿದ ತಾಯಿಗೆ ಒಂದು ಗುಟುಕು ಕಷಾಯ ಕುಡಿಸಿದಳು. ತಾಯಿ ಅಂದೇ ತೀರಿಕೊಂಡಳು. ಸಾವು ಮೊದಲೇ ಬಾಗಿಲಿಗೆ ಬಂದು ನಿಂತಿತ್ತು, ಆದರೆ ಮಗುವಿಗೇನು ಗೊತ್ತು? ಭಿಕ್ಷುಕನ ವೇಷದಲ್ಲಿ ಬಂದಿದ್ದ ಬೂದಿಮುಖ ಅವಳ ಅಂಗೈ ನೋಡಿ, ಪಾಪ, ದೇವರು ಎಂಥ ಕೈ ಕೊಟ್ಟ ಎಂದು ಲೊಚಗುಟ್ಟಿದ. ದೊಡ್ಡವರಿಗೆ ನೂರು ಸಲ ಹೇಳಿದರೂ ಇಳಿಯದ ಮಾತು ಅಳುವ ಮಗುವಿನೊಳಗೆ ಒಂದೇ ಸಲಕ್ಕೆ ಇಳಿದುಬಿಡುತ್ತದೆ.

ಒಂದು ದಿನ ಮಾಂತ್ರಿಕನ ಗಾಳಿ ರೇವಯ್ಯನಿಗೇ ತಗುಲಿತು. ಅವನು ಕರಡಿಯಾಗಿ ಕಾಡಿಗೆ ಓಡಿದ. ಅದಕ್ಕೆ ಮದ್ದೇನೋ ಇತ್ತು, ಆದರೆ ಅರೆದ ಕೂಡಲೇ ತಿನ್ನಿಸದಿದ್ದರೆ ಅದು ಕಸಕ್ಕೆ ಸಮ. ಅಪ್ಪನನ್ನು ಬಿಟ್ಟರೆ ಅರೆಯಬಲ್ಲವಳು ಚೆನ್ನಾಜಿ ಒಬ್ಬಳೇ. ಊರ ಗಂಡಸರಿಗೆಲ್ಲ ಮೀಸೆಯಿತ್ತು, ಕಾಡಿಗೆ ಜೊತೆ ಬರುವ ಧೈರ್ಯ ಮಾತ್ರ ಒಬ್ಬನಿಗೂ ಇರಲಿಲ್ಲ.

"ನನ್ನ ಕೈ ಸರಿಯಿಲ್ಲ ಅತ್ತೆ, ಭಯ ಆಗುತ್ತೆ" ಎಂದಳು ಚೆನ್ನಾಜಿ, ತನ್ನನ್ನು ಸಾಕಿದ ಸೋದರತ್ತೆ ಗುರುಸಿದ್ದಮ್ಮನಿಗೆ.

"ಭಯ ಹೋದ ಮೇಲೆ ಹೊರಡ್ತೀನಿ ಅಂತ ಕೂತರೆ ನಿಮ್ಮಪ್ಪ ಕರಡಿಯಾಗೇ ಮುದುಕ ಆಗ್ತಾನೆ. ಅದನ್ನೂ ಜೊತೇಲಿ ಕರ್ಕೊಂಡು ಹೋಗು. ಅದಕ್ಕೇನು ಬೇರೆ ಬುತ್ತಿ ಕಟ್ಟಬೇಕಾಗಿಲ್ಲ."

ಕಾಡಿನ ಅಂಚಿನಲ್ಲಿ ಒಂದು ಜಿಂಕೆ ಜ್ವರದಿಂದ ನಡುಗುತ್ತಿತ್ತು. ಚೆನ್ನಾಜಿ ಮದ್ದು ಅರೆದು, ಕಣ್ಣು ಮುಚ್ಚಿ ತಿನ್ನಿಸಿದಳು. ಜಿಂಕೆ ಅಗಸರ ಹುಡುಗಿಯಾಗಿ ಎದ್ದು ನಿಂತಿತು. ಮದ್ದಿನ ಬೇರು ಒಳ್ಳೆಯದಿತ್ತು, ಅದಕ್ಕೇ ಹೀಗಾಯಿತು ಎಂದುಕೊಂಡಳು ಚೆನ್ನಾಜಿ. ಮುಂದೆ ಒಂದು ಹೆಬ್ಬಾವು ಸಿಕ್ಕಿತು. ಮದ್ದು ನುಂಗಿ ಅರಮನೆಯ ಕಾವಲುಗಾರನಾಯಿತು. ಗಳಿಗೆ ಒಳ್ಳೆಯದಿತ್ತು ಎಂದುಕೊಂಡಳು. ಮನಸ್ಸು ಒಂದು ಮಾತನ್ನು ಅಪ್ಪಿಕೊಂಡರೆ ಹೀಗೆಯೇ, ಕಣ್ಣೆದುರಿನ ಸಾಕ್ಷಿಗೂ ಕೂರಲು ಮಣೆ ಹಾಕುವುದಿಲ್ಲ.

ಕೊನೆಗೆ ಹಳ್ಳದ ದಡದಲ್ಲಿ ಬಿದ್ದಿದ್ದ ಕರಡಿಯನ್ನು ಕಂಡಳು. ಮದ್ದು ಅರೆದಳು. ಕೈ ಮೇಲೇಳಲಿಲ್ಲ. ಬಂಡೆಯ ಮೇಲೆ ಬೂದಿಮುಖ ಕಾಣಿಸಿಕೊಂಡ.

"ತಾಯಿಯನ್ನು ಕಳಿಸಿದ ಕೈಯಲ್ಲೇ ತಂದೆಯನ್ನೂ ಕಳಿಸುತ್ತೀಯಾ?"

ಅವಳ ಎದೆ ಒಡೆದುಹೋಯಿತು. ಇತ್ತ ಕಲ್ಲಿನ ಮೇಲೆ ಮದ್ದು ಒಣಗತೊಡಗಿತ್ತು.

"ನೀನು ಹೇಳೋದು ನಿಜವೇ ಇರಬಹುದು. ಆದರೆ ಈಗ ಇಲ್ಲಿರೋದು ಇದೊಂದೇ ಕೈ" ಎಂದು ಅವಳು ಭಯದ ಜೊತೆಯಲ್ಲೇ ಕರಡಿಯ ಬಾಯಿಗೆ ಮದ್ದಿಟ್ಟಳು. ಬೂದಿಮುಖ ಬಂಡೆಯಿಂದ ಮಾಯವಾದ, ಕರಡಿಯ ರೋಮ ಉದುರಿತು. ರೇವಯ್ಯ ಕಣ್ಣು ಬಿಟ್ಟು ಮಗಳ ಹೆಸರು ಹಿಡಿದು ಕರೆದ.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡವರು ಒಮ್ಮೆ ತಮ್ಮ ಎದೆಯನ್ನೇ ಮುಟ್ಟಿ ನೋಡಿಕೊಳ್ಳಲಿ. ಮರುದಿನ ಚೆನ್ನಾಜಿ ಏಳುವ ಮೊದಲೇ ಹಳೆಯ ನಂಬಿಕೆ ಎದ್ದು ಕುಳಿತಿತ್ತು. ಕಾಡಿನಲ್ಲಿ ಇನ್ನೂ ಎಷ್ಟೋ ಮೃಗಗಳಿದ್ದವು. ಮದ್ದು ತಾನೇ ಕೊಡುತ್ತೇನೆ ಎಂದು ಅಪ್ಪ ಮುಂದೆ ಬಂದ. ಇನ್ನು ಮೇಲೆ ಅರೆಯುವುದು ನಿನ್ನ ಪಾಲು, ಕೊಡುವುದು ನನ್ನ ಪಾಲು ಎಂದಳು ಅವಳು. ದಿನಾ ಅಪ್ಪನೊಂದಿಗೆ ಕಾಡಿಗೆ ಹೋದಳು, ದಿನಾ ಕೊಟ್ಟಳು. ಒಮ್ಮೆ ಮುದಿ ಕಡವೆಯೊಂದು ಮದ್ದು ತಿಂದೂ ಸತ್ತಿತು. ಚೆನ್ನಾಜಿ ಅನ್ನ ನೀರು ಬಿಟ್ಟು ಅತ್ತಳು. ಮರುದಿನ ಕಣ್ಣೊರೆಸಿಕೊಂಡು ಮತ್ತೆ ಹೋದಳು. ಬರಬರುತ್ತಾ ಹಳೆಯ ನಂಬಿಕೆ ತಡವಾಗಿ ಏಳತೊಡಗಿತು. ಆಮೇಲೆ ಅದು ಎದ್ದಿತೋ ಇಲ್ಲವೋ ಎಂದು ನೋಡುವುದಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

ನರಳುವವರು ಕಡಿಮೆಯಾದಂತೆ ಬೂದಿಮುಖನಿಗೆ ಊಟ ತಪ್ಪಿತು. ಅವನು ಊದಿದ ಜ್ವರ ಅವನಿಗೇ ತಿರುಗಿಕೊಂಡಿತು. ಅವನು ತೆವಳುತ್ತಾ ವೈದ್ಯರ ಜಗುಲಿಗೆ ಬಂದು ಕೈ ಮುಗಿದ.

"ತಾಯೀ, ನಿನ್ನ ಕೈಗುಣ ಕೆಟ್ಟದ್ದಲ್ಲ. ಇಂಥ ಕೈ ಈ ರಾಜ್ಯದಲ್ಲಿ ಇನ್ನೊಂದಿಲ್ಲ. ಅದಕ್ಕೇ ಹೆದರಿ ಸುಳ್ಳು ಹೇಳಿದೆ."

ಒಂದು ಕಾಲದಲ್ಲಿ ಈ ಮಾತಿಗಾಗಿ ಚೆನ್ನಾಜಿ ಪ್ರಾಣವನ್ನಾದರೂ ಕೊಡುತ್ತಿದ್ದಳು. ಈಗ ಅವಳು ಮದ್ದು ಕುಡಿಸುವ ಒಳಲೆ ತೊಳೆಯುತ್ತಿದ್ದಳು.

"ಗೊತ್ತು. ಬಾಯಿ ತೆಗಿ" ಎಂದಳು.

ಮದ್ದು ಗಂಟಲಿಳಿಯುತ್ತಲೇ ಅವನ ಮುಖದ ಬೂದಿ ಉದುರಿತು, ಮಾಯೆಯೂ ಉದುರಿತು. ಉಳಿದವನು ಒಬ್ಬ ಸಾಧಾರಣ ಮುದುಕ. ಕಷಾಯದ ಒಲೆಗೆ ಸೌದೆ ಹೊರುತ್ತಾ ಅಲ್ಲೇ ಉಳಿದುಕೊಂಡ. ಕಾಡು ಸೇರಿದ್ದವರೆಲ್ಲ ಮನೆಗೆ ಬಂದರು. ಕುಂದಣಾವತಿಯ ಜನ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಬಹುಕಾಲ ಸುಖವಾಗಿ ಬಾಳಿದರು.