ದನಿ ಕೇಳಿ ಮನಸ್ಸು ಹೇಳುವವಳು

"ಭೌತಶಾಸ್ತ್ರವೂ ಶಾಸ್ತ್ರವೇ, ಗಿಳಿಶಾಸ್ತ್ರವೂ ಶಾಸ್ತ್ರವೇ. ನಿಮ್ಮದು ಯಾವುದು, ಮೇಡಂ?"

ಬಾಗಿಲಲ್ಲೇ ನಿಂತು ಕೇಳಿದವನನ್ನು ಅವಳು ಸುಟ್ಟುಬಿಡುವಂತೆ ನೋಡಿದಳು. ಸ್ಟ್ಯಾಟಿಸ್ಟಿಕ್ಸ್ ಕಲಿಸುವವನು, ಕಾಲೇಜಿಗೆಲ್ಲ 'ಲೆಕ್ಕದ ಮೇಷ್ಟ್ರು'. ಅವಳ ವಿಭಾಗ ಉಳಿಯಬೇಕೋ ಮುಚ್ಚಬೇಕೋ ಎಂದು ಪರೀಕ್ಷಿಸಲು ಆಡಳಿತ ಮಂಡಳಿ ಕಳಿಸಿದ್ದು ಅವನನ್ನೇ!

ಅವಳದು ಧ್ವನಿಲಕ್ಷಣ ವಿಭಾಗ. ದನಿ ಕೇಳಿ ಮನುಷ್ಯನ ಸ್ವಭಾವ ಹೇಳುವ ವಿದ್ಯೆ. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಓದಿಸಿದ ಸೋದರಮಾವನೇ ಅದನ್ನು ಕಟ್ಟಿದವರು. ಈಗ ಹಾಸಿಗೆ ಹಿಡಿದಿದ್ದರು. ವಿಭಾಗ ಮುಚ್ಚಿದರೆ ಮಾವನ ಇಡೀ ಜೀವಮಾನವೇ ಮಣ್ಣುಪಾಲು...

"ತಮಾಷೆ ಮಾಡೋಕೆ ಬಂದ್ರಾ?"

"ಇಲ್ಲ. ಎಂಥ ಫಲಿತಾಂಶ ಬಂದರೆ ನಿಮ್ಮ ವಿದ್ಯೆ ತಪ್ಪು ಅಂತ ಒಪ್ಕೋತೀರಿ? ಅಷ್ಟು ಹೇಳಿ."

"ನಮ್ಮದು ತಪ್ಪೋದೇ ಇಲ್ಲ!"

ಅವನ ಮುಖ ಬಾಡಿತು. "ಅದೇ ನನ್ನ ಭಯ. ತಪ್ಪಾಗೋಕೆ ಜಾಗವೇ ಇಲ್ಲದಿದ್ದರೆ, ಸರಿ ಅಂತ ತೋರಿಸೋದು ಹೇಗೆ?"

ಆ ಮಾತು ಅವಳನ್ನು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. 'ನಿಮ್ಮ ದನಿಯಲ್ಲಿ ಹಳೇ ನೋವೊಂದಿದೆ' ಎಂದು ಅವಳು ಹೇಳಿದಾಗಲೆಲ್ಲ ಜನ ತಲೆಯಾಡಿಸಿದ್ದರು. ಆದರೆ... ನೋವೇ ಇಲ್ಲದವರು ಯಾರಿದ್ದಾರೆ?

ಕೊನೆಗೆ ಅವಳೇ ಪರೀಕ್ಷೆಗೆ ಒಪ್ಪಿದಳು.

ಧ್ವನಿಮುದ್ರಣಗಳಲ್ಲಿ ಮಾತು ಅರ್ಥವಾಗದಂತೆ ಮಸುಕು ಮಾಡಿ, ಬರೀ ದನಿ ಉಳಿಸಲಾಯಿತು. ಅವಳು ಕೇಳಿ ಸ್ವಭಾವ ಬರೆಯಬೇಕು. ಯಾರ ದನಿ ಎಂದು ಅವನಿಗೆ ಮಾತ್ರ ಗೊತ್ತು.

ಅವಳ ಗಮನ ಕದಡದಿರಲೆಂದು ಅವನು ಕಿರುಗುಟ್ಟುವ ಬಾಗಿಲಿಗೆ ತಾನೇ ಎಣ್ಣೆ ಬಿಟ್ಟ. ಅಲುಗಾಡುವ ಕುರ್ಚಿ ತಾನಿಟ್ಟುಕೊಂಡು ಗಟ್ಟಿಯಾದದ್ದನ್ನು ಅವಳತ್ತ ಸರಿಸಿದ. ಅವಳು ಕೆಮ್ಮಿದರೆ ಸಾಕು, ಬಿಸಿನೀರು ಬಂದಿರುತ್ತಿತ್ತು.

'ಛೆ! ಶತ್ರು ಕಣೇ ಇವನು... ಇವನು ಬರೋದನ್ನೇ ಯಾಕೆ ಕಾಯ್ತಿದ್ದೀಯ?'

ಫಲಿತಾಂಶ ಹೇಳುವಾಗ ಅವನು ತಲೆಯೆತ್ತಲಿಲ್ಲ.

"ಕಣ್ಣುಮುಚ್ಚಿ ಊಹಿಸಿದ್ದರೂ ಇಷ್ಟೇ ಸರಿ ಬರ್ತಿತ್ತು."

"'ಕಲ್ಲೆದೆ, ಯಾರನ್ನೂ ಸಾಕಿ ಸಲಹುವವನಲ್ಲ' ಅಂತ ಬರೆದೆನಲ್ಲ, ಅದಾದರೂ?"

ಅವನು ಹಾಳೆ ಮಡಚಿಟ್ಟ. "ಅದು ನಿಮ್ಮ ಮಾವನ ದನಿ. ಅವರ ಹರೆಯದ್ದು."

ನೆಲವೇ ಕುಸಿದಂತಾಯಿತು.

"ನನ್ನ ಮಾನ ಕಳೆಯೋಕೇ ಸೇರಿಸಿದ್ರಿ, ಅಲ್ವಾ? ಇನ್ನು ನಿಮ್ಮ ಮುಖ ತೋರಿಸಬೇಡಿ!"

ಅವನು ಕಾಗದಗಳನ್ನು ಎತ್ತಿಕೊಂಡು ಹೊರಟುಹೋದ.

ಮನೆಯಲ್ಲಿ ಮಾವ ಅವಳ ಕೈ ಹಿಡಿದರು. "ಅವನನ್ನ ಬೈಬೇಡ, ಮಗಳೇ. ಟೇಪು ಕೊಟ್ಟವನು ನಾನು. ಯಾರಿಗೂ ಹೇಳಬೇಡ ಅಂತ ಭಾಷೆ ತಗೊಂಡಿದ್ದೆ. ನನ್ನ ವಿದ್ಯೆ ನಿಜವೋ ಸುಳ್ಳೋ, ಹೋಗೋ ಮೊದಲು ತಿಳ್ಕೋಬೇಕಿತ್ತು."

"ಮಾವ..."

"ತಿಳೀತು ಬಿಡು." ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ವಿಭಾಗದ ಫಲಕ ಇಳಿಸುವ ಮೊದಲೇ ಅವರು ತೀರಿಕೊಂಡರು.

ಖಾಲಿ ಕೋಣೆಯಲ್ಲಿ ಅವಳು ಟೇಪುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವನು ಬಂದ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ.

"ನಿಜ ಗೊತ್ತಾಯ್ತು," ಎಂದಳು. "ನಿಮ್ಮನ್ನ ಸುಮ್ಮನೆ ಅಂದುಬಿಟ್ಟೆ."

"ಒಂದು ದನಿಗೆ 'ತುಂಬು ಸಂಸಾರಿ, ಮನೆ ತುಂಬ ಗಲಾಟೆ' ಅಂತ ಬರೆದಿದ್ರಿ. ಅದು ನಂದು."

ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟದ ಒಂಟಿ ಮನುಷ್ಯ! ಅವಳಿಗೆ ನಗು ಬಂತು. ನಗುತ್ತಲೇ ಬಿಕ್ಕಿದಳು.

"ನೋಡಿ, ನನಗೆ ಯಾರ ದನಿಯೂ ಅರ್ಥವಾಗಲ್ಲ. ಇಷ್ಟು ವರ್ಷ ಏನು ಕಲಿತೆನೋ... ಉಳಿದದ್ದು ಏನೂ ಇಲ್ಲ."

"ನನ್ನ ದನಿ ಕೇಳಿಯೂ ಏನೂ ಗೊತ್ತಾಗ್ತಿಲ್ವಾ?"

"ಇಲ್ಲ."

"ಹಾಗಾದರೆ ಬಾಯಿಬಿಟ್ಟೇ ಹೇಳಬೇಕು." ಅವನು ಪೆಟ್ಟಿಗೆಯ ತುದಿ ಕೆಳಗಿಳಿಸಿದ. "ನೀವಂದರೆ ನನಗೆ ಪ್ರಾಣ."

ಅವಳು ಕಣ್ಣು ಮುಚ್ಚಿದಳು. "ಇವತ್ತು ನನಗೆ ಏನನ್ನೂ ನಂಬೋಕೆ ಆಗ್ತಿಲ್ಲ ರೀ..."

"ನಂಬಬೇಡಿ. ನಾಳೆಯೂ ಬಂದು ಹೇಳ್ತೀನಿ."

"ನಾಳೆಯೂ ಹೀಗೇ ಇದ್ದರೆ?"

"ನಾಡಿದ್ದೂ ಬರ್ತೀನಿ."