ಗಿಳಿಪಾಠದ ಹುಡುಗಿ

"...ಬಾಗಿಲು...!"

ಕತ್ತಲಲ್ಲಿ, ತಲೆಯ ಮೇಲಿಂದ ಬಂದ ಆ ಗಂಡುದನಿಯಲ್ಲಿ ಅವಳಿಗೆ ಅರ್ಥವಾದದ್ದು ಅದೊಂದೇ ಪದ.

ಎರಡು ಮಹಡಿಗಳ ನಡುವೆ ಲಿಫ್ಟ್ ಗಕ್ಕನೆ ನಿಂತು, ದೀಪ ಆರಿಹೋಗಿತ್ತು. ಒಳಗೆ ಅವಳೊಬ್ಬಳೇ.

ಬಾಗಿಲು... ಅಂದರೆ ತೆಗೆಯಬೇಕಾ?

ಬೆರಳುಗಳನ್ನು ಬಾಗಿಲ ಸಂದಿಗೆ ತೂರಿಸಿದಳು. ಮೇಲಿನವನು ಕಿರುಚಿದ. ಅವಳು ಇನ್ನೂ ಬಲವಾಗಿ ಎಳೆದಳು. ಲಿಫ್ಟ್ ಜಗ್ಗಿ ಕೆಳಗೆ ಜಾರಿತು!

"ಅಮ್ಮಾ...!"

ಮೇಲಿಂದ ಕೂಗಿದ್ದ ಲಿಫ್ಟ್ ಮೆಕ್ಯಾನಿಕ್ ಹೇಗೋ ಅವಳನ್ನು ಹೊರಗೆಳೆದ.

"ಬಾಗಿಲು ಮುಟ್ಟಬೇಡ ಅಂತ ಬಡ್ಕೊಂಡೆನಲ್ಲಾ! ಕಿವಿ ಕೇಳಲ್ವಾ?"

ಅವಳು ಬಿಳುಚಿಕೊಂಡ ಮುಖ ಎತ್ತಿ, ಕಲಿತದ್ದನ್ನು ಒಪ್ಪಿಸಿದಳು. "ಮಹನೀಯರೇ, ತಮ್ಮ ಉಪಕಾರಕ್ಕೆ ನಾನು ಚಿರಋಣಿಯಾಗಿದ್ದೇನೆ."

ಅವನ ಸಿಟ್ಟು ಎಲ್ಲಿ ಹೋಯಿತೋ, ಗೊಳ್ಳನೆ ನಕ್ಕುಬಿಟ್ಟ. "ಇದ್ಯಾವ ಗಿಳಿಪಾಠ!"

ಗಿಳಿಪಾಠವೇ. ಮೇಲಿನ ಮಹಡಿಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಾಗ, ಈ ಊರಿನ ಭಾಷೆಯನ್ನು ಫೋನಿನಲ್ಲೇ ಕಲಿತುಬಿಡುತ್ತೇನೆಂದು ಹೊರಟವಳು ಅವಳು. "ಫೋನ್ ನೋಡ್ಕೊಂಡು ಈಜು ಕಲಿತ ಹಾಗಾಯ್ತು ನಿಂದು," ಎಂದು ಅಕ್ಕ ಅಣಕಿಸಿದ್ದಳು. ಎಲ್ಲ ಪಾಠಗಳಲ್ಲೂ ಪೂರ್ತಿ ಅಂಕ. ಆದರೆ ಇಲ್ಲಿ ಯಾರೂ ಪಾಠದವರ ಹಾಗೆ ಮಾತಾಡುತ್ತಿರಲಿಲ್ಲವಲ್ಲ! ಗಿರಾಕಿ ಬಾಯಿ ತೆರೆದರೆ ಸಾಕು, ಅವಳು ಕಂಗಾಲಾಗುತ್ತಿದ್ದಳು. ಹೂಂ ಹೂಂ ಅಂದುಕೊಂಡೇ, ಕುಪ್ಪಸದ ತೋಳನ್ನು ಉದ್ದ ಮಾಡಿ ಅಂದವರಿಗೆ ಮೋಟು ಮಾಡಿ ಕೊಟ್ಟಿದ್ದಳು.

ಇನ್ನೊಂದು ತಪ್ಪಾದರೆ ಮನೆಗೆ ಕಳಿಸ್ತಾರೆ... ಆ ದಿಗಿಲು ಅವಳನ್ನು ಬಿಡುತ್ತಲೇ ಇರಲಿಲ್ಲ.

ಮುದಿ ಲಿಫ್ಟ್ ಪದೇ ಪದೇ ಕೆಡುತ್ತಿತ್ತು. ಮೆಕ್ಯಾನಿಕ್ ಪದೇ ಪದೇ ಬರುತ್ತಿದ್ದ. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದ.

"ತಪ್ಪಾದ್ರೆ ಏನಾಗುತ್ತೆ ಗಿಣಿ? ಯಾರಾದ್ರೂ ನಗ್ತಾರೆ, ಅಷ್ಟೇ."

"ನನಗೆ ಭಯವಾಗುತ್ತದೆ."

"ನನ್ನ ಹತ್ರಾನೂ?"

ಅವಳು ತಲೆ ತಗ್ಗಿಸಿದಳು. ನಿಮ್ಮ ಹತ್ತಿರ ಬೇರೆ ಥರದ ಭಯ... ಅದನ್ನು ಯಾವ ಪಾಠದಲ್ಲೂ ಹೇಳಿಕೊಟ್ಟಿಲ್ಲ!

ಆದರೆ ಒಂದು ಮಧ್ಯಾಹ್ನ ಅವನು ಫೋನಿನಲ್ಲಿ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. "ನಾನು ಬರೋದು ತಡ ಆಗುತ್ತೆ. ನಮ್ಮ ಮನೆಯಾಕೆಗೆ ಹೇಳಿಬಿಡು, ಕಾಯೋದು ಬೇಡ."

ಮನೆಯಾಕೆ! ಪಾಠದ ಚಿತ್ರ ಕಣ್ಣ ಮುಂದೆ ಬಂತು. ಗಂಡನ ಪಕ್ಕ ನಿಂತ ಹೆಂಡತಿ. ಕೆಳಗೆ ಇದೇ ಪದ.

ಮದುವೆಯಾದವನಾ?

ಅಂದಿನಿಂದ ಅವನು ಬಂದರೆ ಮುಖ ತಿರುಗಿಸಿ ಮೆಟ್ಟಿಲು ಹತ್ತಿಬಿಡುತ್ತಿದ್ದಳು.

"ಗಿಣಿ, ನಾನೇನು ತಪ್ಪು ಮಾಡಿದೆ?"

"ನನಗೆ ತಮ್ಮ ಭಾಷೆ ಬರುವುದಿಲ್ಲ," ಎನ್ನುತ್ತಿದ್ದಳು. ಮೇಲೆ ಹೋಗಿ ಹೊಲಿಗೆ ಯಂತ್ರದ ಸದ್ದಿನಲ್ಲಿ ಅಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕಟ್ಟಡದೊಳಗೆ ಕಾಲಿಟ್ಟವಳಿಗೆ, ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಟಾರ್ಚಿನ ಬೆಳಕು ಕಂಡಿತು. ಅವನೇ. ಬಗ್ಗಿ ಏನೋ ಬಿಗಿಯುತ್ತಿದ್ದ. ತಲೆಯ ಮೇಲೆ ಲಿಫ್ಟ್ ತೂಗುತ್ತಿತ್ತು. ಅವನು ನೇತುಹಾಕಿದ್ದ ಎಚ್ಚರಿಕೆಯ ಹಲಗೆ ಕಳಚಿ ಮೂಲೆಗೆ ಬಿದ್ದಿತ್ತು.

ಗೋಡೆಯ ಹತ್ತಿರ ಹೊಸದಾಗಿ ಬಂದ ಕಾವಲುಗಾರ ಗೊಣಗಿದ. "ಯಾರಪ್ಪಾ ಇದನ್ನ ಆರಿಸಿದ್ದು? ಹಾಕಿಬಿಡ್ತೀನಿ."

ಅವಳಿಗೆ ಪೂರ್ತಿ ಅರ್ಥವಾಯಿತು! ಕಾವಲುಗಾರನ ಕೈ ಆಗಲೇ ಲಿಫ್ಟಿನ ಸ್ವಿಚ್ಚಿನತ್ತ ಚಾಚಿತ್ತು.

"ಮಹನೀಯರೇ, ದಯವಿಟ್ಟು ತಾವು..."

ಮುಂದೇನು? ಕಾವಲುಗಾರ ಹುಬ್ಬೇರಿಸಿದ; ಕೈ ನಿಲ್ಲಲಿಲ್ಲ. ವ್ಯಾಕರಣವೆಲ್ಲ ಗಾಳಿಗೆ ಹಾರಿತು.

"ಮನುಷ್ಯ! ಕೆಳಗೆ! ಗುಂಡಿ! ಬೇಡ! ನನ್ನ... ನನ್ನ ಮನುಷ್ಯ!"

ಚೀರುತ್ತಲೇ ಹಾರಿ ಅವನ ಮಣಿಕಟ್ಟಿಗೆ ಜೋತುಬಿದ್ದಳು. ಗುಂಡಿಯತ್ತ ನೋಡಿದ ಕಾವಲುಗಾರ ಕುಸಿದು ಕೂತ. "ಅಯ್ಯೋ ದೇವರೇ!"

ಮೆಕ್ಯಾನಿಕ್ ಮೇಲೆ ಬಂದ. ಗ್ರೀಸು ಮೆತ್ತಿದ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಎದುರು ನಿಂತು ಮೆಲ್ಲಗೆ ಕೇಳಿದ.

"ಯಾರ ಮನುಷ್ಯ?"

ಅವಳಿಗೆ ಅಳು ಉಕ್ಕಿ ಬಂತು. "ನೀವು ಮನೆಯಾಕೆಯ ಮನುಷ್ಯ... ಕಾಯಬೇಡ ಅಂದಿರಿ. ನಾನು ಕೇಳಿದೆ."

ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಹಣೆ ಚಚ್ಚಿಕೊಂಡ.

"ಅದು ನಮ್ಮಮ್ಮ ಕಣೇ! ನಮ್ಮ ಕಡೆ ಮನೆ ನಡೆಸೋ ಹೆಂಗಸನ್ನೆಲ್ಲ ಹಾಗೇ ಅನ್ನೋದು. ಅಮ್ಮನಿಗೂ ಅದೇ, ಅಜ್ಜಿಗೂ ಅದೇ! ನನಗೆಲ್ಲಿ ಮದುವೆ ಆಗಿದೆ?"

"...ಪಾಠದಲ್ಲಿ ಹೇಳಲಿಲ್ಲ."

"ಪಾಠದಲ್ಲಿ ಎಷ್ಟೋ ಹೇಳಲ್ಲ."

ಗುಂಡಿಯಲ್ಲಿ ಇಲ್ಲದ ಅಂಜಿಕೆ ಈಗ ಅವನ ಕಣ್ಣಲ್ಲಿತ್ತು. ಒಂದೊಂದೇ ಅಕ್ಷರ ಹೆಕ್ಕುತ್ತಾ, ಅವಳ ತಾಯ್ನುಡಿಯಲ್ಲಿ, ಹೌದು, ಅವಳದೇ ಭಾಷೆಯಲ್ಲಿ ಹೇಳಿದ.

"ಮಾನ್ಯರೇ, ತಾವು ನನ್ನನ್ನು... ಪ್ರೀತಿಸುವಿರಾ?"

ಅವಳು ಬೆಚ್ಚಿಬಿದ್ದಳು. "ಇದನ್ನ... ಯಾರು ಕಲಿಸಿದ್ರು?"

"ಫೋನು," ಎಂದ, ನಾಚಿ. "ತಪ್ಪಾಯ್ತಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಅಷ್ಟು ಮರ್ಯಾದೆ ಬೇಡ. 'ಪ್ರೀತಿಸ್ತೀಯಾ' ಅಂದ್ರೆ ಸಾಕು."

"ಪ್ರೀತಿಸ್ತೀಯಾ?"

"ಹೂಂ," ಅಂದಳು. ಈ ಸಲ ಅರ್ಥವಾಗಿಯೇ ಅಂದಳು.